ಸ್ಟಾಫ್ ರೂಮಿನಲ್ಲಿ ಭೇದಭಾವ: ಮಿಷನ್ ಶಾಲೆ ಟೀಚರ್ ಏನು ಮಾಡಬಹುದು?

ಬೇತಮಂಗಲ, ಕೆಜಿಎಫ್, ಬಂಗಾರಪೇಟೆ ಕಡೆ ಕಾನ್ವೆಂಟಿನಲ್ಲಿ ಓದಿದವರು ಬೇಕಾದಷ್ಟು ಜನ ಸಿಗ್ತಾರೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಎಷ್ಟೋ ಜನ ಕೆಲಸಕ್ಕಾಗಿ ಬೆಂಗಳೂರಿನ ರೈಲು ಹಿಡಿದರು. ಮನೆ, ಮಕ್ಕಳು, ವಯಸ್ಸಾದ ಅತ್ತೆ-ಮಾವನನ್ನು ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ಹತ್ತಿರದ ಶಾಲೆಯ ಟೀಚರ್ ಕೆಲಸವೇ ಆಸರೆ. ಹಾಗಾಗಿ ಅನ್ಯಾಯ ಆದ್ರೂ ಬಾಯಿ ಬಿಡೋದು ಕಷ್ಟ. 'ಇದೂ ಹೋದ್ರೆ ಏನ್ ಮಾಡೋದು?' ಅನ್ನೋ ಭಯ.

ಭೇದಭಾವ ಬೈಗುಳದ ರೂಪದಲ್ಲೇ ಬರಬೇಕಂತಿಲ್ಲ. ಇಬ್ಬರದೂ ಒಂದೇ ಬಿ.ಎಡ್., ಅಷ್ಟೇ ವರ್ಷದ ಅನುಭವ, ಆದರೆ ಸಂಬಳ ಬೇರೆ ಬೇರೆ. ಒಬ್ಬರು ಸಭೆಯವರು, ಇನ್ನೊಬ್ಬರು ಹೊರಗಿನವರು. ಕ್ರೈಸ್ತರಲ್ಲೇ ಜಾತಿ ನೋಡಿ ದೂರ ಇಡೋದು, ತಮಿಳು ಮನೆಮಾತಿನವರನ್ನು ಆಡಿಕೊಳ್ಳೋದು, ಆಯಾಗೆ ಬೇರೆ ಲೋಟ ಇಡೋದು ಕೂಡ ಭೇದಭಾವವೇ.

'ಇದು ನಮ್ಮ ಮಿಷನ್ ಶಾಲೆ, ನಮ್ಮಿಷ್ಟ' ಅಂತ ಹೇಳಬಹುದಾ? ಅರ್ಧ ಮಾತ್ರ ನಿಜ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಪ್ರಿನ್ಸಿಪಾಲರನ್ನು ತಮ್ಮಿಷ್ಟದಂತೆ ಆರಿಸಿಕೊಳ್ಳಲು ನ್ಯಾಯಾಲಯಗಳೂ ಒಪ್ಪಿವೆ. ಆದರೆ ಕೆಟ್ಟದಾಗಿ ನಡೆಸುವ ಹಕ್ಕು ಇದರಲ್ಲಿ ಸೇರಿಲ್ಲ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ಖಾಸಗಿ ಶಾಲೆ-ಕಾಲೇಜು ಸಿಬ್ಬಂದಿಯ ದೂರು ಕೇಳಲು ಜಿಲ್ಲಾ ಮಟ್ಟದಲ್ಲಿ ನ್ಯಾಯಮಂಡಳಿ ಬೇಕು ಎಂದಿತು.

ನಮ್ಮ ರಾಜ್ಯದಲ್ಲಿ ಆ ದಾರಿ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಪ್ರಕಾರ ವಿಚಾರಣೆ ಇಲ್ಲದೆ ಖಾಸಗಿ ಶಾಲೆ ನೌಕರರನ್ನು ವಜಾ ಮಾಡುವಂತಿಲ್ಲ, ಹುದ್ದೆಯಿಂದ ಕೆಳಗಿಳಿಸುವಂತಿಲ್ಲ. ಹಾಗೆ ಮಾಡಿದರೆ ಆದೇಶ ಕೈಸೇರಿದ 3 ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ, ಹೋಗಬಹುದು. 'ನಾಳೆಯಿಂದ ಬರಬೇಡಿ' ಅಂತ ಬಾಯಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೇಳಿ. ರಾಜೀನಾಮೆ ಬರೆದುಕೊಡಿ ಅಂತ ಒತ್ತಾಯ ಮಾಡಿದರೆ ಅಲ್ಲೇ ಸಹಿ ಹಾಕಬೇಡಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯಾದರೆ ಮೊದಲೇ ವಕೀಲರನ್ನು ಕೇಳಿ.

ಲೈಂಗಿಕ ಕಿರುಕುಳಕ್ಕೆ 2013ರ ಪ್ರತ್ಯೇಕ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು ಕೊಡಲು 3 ತಿಂಗಳು, ವಿಚಾರಣೆ ಮುಗಿಸಲು 90 ದಿನ. ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ.

ಒಂದು ಕಹಿ ಸಂಗತಿಯೂ ಗೊತ್ತಿರಲಿ. 1989ರ ಪರಿಶಿಷ್ಟ ಜಾತಿ-ಪಂಗಡ ದೌರ್ಜನ್ಯ ತಡೆ ಕಾಯ್ದೆಯ ನೆರವು ಹಿಂದೂ, ಸಿಖ್, ಬೌದ್ಧ ದಲಿತರಿಗಿದೆ. ಕ್ರೈಸ್ತ ದಲಿತರನ್ನು 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಎಂದು ಪರಿಗಣಿಸುವುದಿಲ್ಲ. ಅಂಥವರಿಗೆ ಮ್ಯಾನೇಜ್‌ಮೆಂಟಿಗೆ ಲಿಖಿತ ದೂರು, ಬಿಇಒ ಕಚೇರಿ, ನ್ಯಾಯಮಂಡಳಿ ಇವೇ ದಾರಿ.

ಯಾವುದಕ್ಕೂ ಕಾಗದ ಮುಖ್ಯ. ನೇಮಕಾತಿ ಪತ್ರ, ಸಂಬಳದ ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಮೆಸೇಜು ಜೋಪಾನ ಮಾಡಿ. ಯಾವ ದಿನ, ಯಾರ ಎದುರು, ಏನು ನಡೆಯಿತು ಅಂತ ಒಂದು ನೋಟ್ ಪುಸ್ತಕದಲ್ಲಿ ಆಗಿಂದಾಗ್ಗೆ ಬರೆದಿಡಿ. ದೂರು ಕೊಟ್ಟರೆ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಕರೆಸ್ಪಾಂಡೆಂಟ್, ಫಾದರ್, ಸಿಸ್ಟರ್, ಹೆಡ್‌ಮಿಸ್ ಇದನ್ನು ಓದ್ತಿದ್ದರೆ ಅವರಿಗೂ ಒಂದು ಮಾತು. ಸಂಬಳದ ಶ್ರೇಣಿ ಬರೆದು ಎಲ್ಲರಿಗೂ ತಿಳಿಸಿ. ಖಾಲಿ ಹುದ್ದೆ ನೋಟಿಸ್ ಬೋರ್ಡಿಗೆ ಹಾಕಿ. ಸಂದರ್ಶನಕ್ಕೆ ಹೊರಗಿನವರೊಬ್ಬರನ್ನು ಕೂರಿಸಿ. ಯಾರ ಮೇಲೆ ದೂರೋ ಅವರೇ ವಿಚಾರಣೆ ಮಾಡೋದು ಬೇಡ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆ ಜಾಗ ಕೊಟ್ಟು ಬಡವನನ್ನು ನಿಲ್ಲಿಸೋದು ತಪ್ಪು ಅಂತ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯವೇ ಹೇಳುತ್ತೆ. ಚಿನ್ನದ ಊರಿನ ಶಾಲೆಗಳಿಗೆ ಇದು ಗೊತ್ತಿಲ್ಲದ್ದೇನಲ್ಲ.

ವಕೀಲರಿಗೆ ದುಡ್ಡೆಲ್ಲಿ ಅನ್ನುವವರಿಗೆ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಸಹಾಯವಾಣಿ 15100. 3 ತಿಂಗಳ ಗಡುವು ಬೇಗ ಕಳೆದುಹೋಗುತ್ತೆ, ತಡಮಾಡಬೇಡಿ.