ಕಾರ್ಮಿಕನ ಮಗ ಕಾರ್ಮಿಕನೇ ಆಗೋದು ಯಾಕೆ?

ಶಾಲೇಲಿ ಕಲಿತ ಬೀಜಗಣಿತ ಮರೆತುಹೋಗಿರಬಹುದು. ಬೆಲ್ ಹೊಡೆದ ಕೂಡಲೇ ಸಾಲಾಗಿ ನಿಲ್ಲೋದು? ಅದು ಮರೆತಿಲ್ಲ ಅಲ್ವಾ?

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ ಬರೆದ ಪುಸ್ತಕದ ವಾದ ಇದೇ. ಶಾಲೆಯ ಶಿಸ್ತು ಕಾರ್ಖಾನೆಯ ಶಿಸ್ತಿನ ಪಡಿಯಚ್ಚು. ಇಲ್ಲಿ ಮೇಷ್ಟ್ರು, ಅಲ್ಲಿ ಮೇಲ್ವಿಚಾರಕ. ಇಲ್ಲಿ ಅಂಕ, ಅಲ್ಲಿ ಸಂಬಳ. ಪಠ್ಯಕ್ಕಿಂತ ಹೇಳಿದ ಮಾತು ಕೇಳೋ ಅಭ್ಯಾಸವೇ ದೊಡ್ಡ ಪಾಠ.

ಆದರೆ ಮಕ್ಕಳು ಅಷ್ಟು ಸುಲಭಕ್ಕೆ ಬಗ್ತಾರಾ?

ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಪಾಲ್ ವಿಲ್ಲಿಸ್ ಒಂದು ಕೈಗಾರಿಕಾ ಊರಿನ 12 ಹುಡುಗರ ಬೆನ್ನು ಬಿದ್ದರು. ಎಲ್ಲರೂ ಕಾರ್ಮಿಕರ ಮಕ್ಕಳು. ಮೇಷ್ಟ್ರನ್ನ ಗೇಲಿ ಮಾಡೋರು, ಕ್ಲಾಸಿಗೆ ಚಕ್ಕರ್ ಹೊಡೆಯೋರು, ಓದೋ ಹುಡುಗರನ್ನ ಕಂಡರೆ ನಗೋರು. ಬೌಲ್ಸ್, ಗಿಂಟಿಸ್ ಹೇಳಿದ ವಿಧೇಯತೆ ಇವರಲ್ಲಿ ಹುಡುಕಿದರೂ ಸಿಗಲ್ಲ! ಆದರೂ ಕೊನೆಗೆ ಸೇರಿದ್ದು ಅಪ್ಪಂದಿರ ಥರದ್ದೇ ಮೈಮುರಿಯೋ ಕೆಲಸಕ್ಕೆ. ಯಾರೂ ತಳ್ಳಲಿಲ್ಲ. ಕುರ್ಚಿ ಕೆಲಸ ಗಂಡಸರಿಗಲ್ಲ ಅಂತ ತಾವೇ ನಂಬಿದ್ದರು. ಶಾಲೆ ವಿರುದ್ಧದ ಅವರ ಬಂಡಾಯವೇ ಅವರನ್ನ ಕಾರ್ಖಾನೆ ಬಾಗಿಲಿಗೆ ತಂದು ಬಿಟ್ಟಿತ್ತು.

ಇದನ್ನೆಲ್ಲ ಹೇಳೋ ವಿಲ್ಲಿಸ್ ಅವರ 1977ರ ಪುಸ್ತಕವೇ ನನಗೆ ಹೆಚ್ಚು ಸತ್ಯ ಅನ್ಸುತ್ತೆ. ಹುಡುಗಿಯರ ಕಥೆ ಅದರಲ್ಲಿ ಇಲ್ಲವೇ ಇಲ್ಲ ಅನ್ನೋ ಸ್ತ್ರೀವಾದಿಗಳ ಆಕ್ಷೇಪವೂ ನ್ಯಾಯವೇ.

ಇವರೆಲ್ಲ ಕಾರ್ಲ್ ಮಾರ್ಕ್ಸ್ ವಿಚಾರದ ದಾರಿಯಲ್ಲೇ ಯೋಚಿಸಿದವರು. ಹಾಗಾದ್ರೆ ಮಾರ್ಕ್ಸ್‌ಗೆ ಶಾಲೆಯೇ ಬೇಡವಾಗಿತ್ತಾ? ಇಲ್ಲ ರೀ. ಎಂಗೆಲ್ಸ್ ಜೊತೆ 1848ರಲ್ಲಿ ಹೊರತಂದ ಕಮ್ಯುನಿಸ್ಟ್ ಪ್ರಣಾಳಿಕೆಯ ಬೇಡಿಕೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಿಕ್ಷಣವೂ ಒಂದು. ಆದರೆ ಸರ್ಕಾರವೇ ಜನರ ಗುರುವಾಗೋದನ್ನ 1875ರಲ್ಲಿ ಅದೇ ಮಾರ್ಕ್ಸ್ ಖಡಾಖಂಡಿತವಾಗಿ ವಿರೋಧಿಸಿದ್ದರು.