ಊರಿಗೆ ಬಂದವರು, ನೀರಿಗೆ ಬಂದವರು

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ?’ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ಮದುವೆಯಾಗಿ ಬಂದ ಹೆಣ್ಣನ್ನು ಕಾಣಲು ಆತುರಪಡಬೇಕಾಗಿಲ್ಲ, ನಾಳೆ ಬಾವಿಕಟ್ಟೆಗೆ ಬಂದೇ ಬರುತ್ತಾಳೆ ಎಂಬುದು ಅದರ ಮೇಲ್ನೋಟದ ಅರ್ಥ. ಆದರೆ ಊರಿಗೆ ಬರುವುದು ಬೇರೆ, ನೀರಿಗೆ ಬರುವುದು ಬೇರೆ ಎಂಬ ಸೂಕ್ಷ್ಮವೂ ಅದರೊಳಗೆ ಅಡಗಿದೆ. ಬಸ್ಸು ಹತ್ತಿದರೆ ಯಾವ ಊರಿಗಾದರೂ ಒಂದು ಹಗಲಿನಲ್ಲಿ ಬಂದು ಇಳಿಯಬಹುದು. ಅಲ್ಲಿನ ಮಾತಿಗೆ, ಊಟಕ್ಕೆ, ನಡೆನುಡಿಗೆ ಒಗ್ಗಿಕೊಳ್ಳುವುದಕ್ಕೆ ವರ್ಷಗಳೇ ಬೇಕಾಗುತ್ತವೆ. ವರ್ಗವಾಗಿ ಬಂದ ಗುಮಾಸ್ತ, ಉಪಾಧ್ಯಾಯ, ಹೊಸದಾಗಿ ಸಂಸಾರ ಹೂಡಿದ ಹೆಣ್ಣುಮಗಳು, ಓದಲು ಬಂದ ಹುಡುಗ, ಇವರೆಲ್ಲ ಎದುರಿಸುವ ತೊಡಕು ಇದೇ.

ಹೊರನಾಡಿನವರಿಗೆ ಕರ್ನಾಟಕ ಒಂದೇ ಆಗಿ ಕಾಣಬಹುದು. ೧೯೫೬ರ ನವೆಂಬರ್ ೧ರಂದು ಒಂದಾದ ಈ ನಾಡಿನ ಭಾಗಗಳು ಅದಕ್ಕೆ ಮುಂಚೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದವು. ತಾಲ್ಲೂಕಿನ ಅಧಿಕಾರಿಯನ್ನು ಮೈಸೂರಿನವರು ಅಮಲ್ದಾರರೆಂದೂ ಧಾರವಾಡದವರು ಮಾಮಲೇದಾರರೆಂದೂ ಕಲಬುರಗಿಯವರು ತಹಶೀಲ್ದಾರರೆಂದೂ ಕರೆಯುತ್ತಿದ್ದರು. ಕಚೇರಿಯ ಹೆಸರುಗಳನ್ನು ಒಂದು ಆಜ್ಞೆಯಿಂದ ಬದಲಿಸಬಹುದು. ಆದರೆ ಶಾಲೆಯ ಗುರುವನ್ನು ಒಂದು ಕಡೆ ‘ಮೇಷ್ಟ್ರು’ ಎಂದೂ ಮತ್ತೊಂದು ಕಡೆ ‘ಮಾಸ್ತರ್ರು’ ಎಂದೂ ಕರೆಯುವ ನಾಲಗೆ ಅಷ್ಟು ಬೇಗ ತಿರುಗುವುದಿಲ್ಲ.

ಹೊಸಬನಿಗೆ ಮೊದಲು ತಟ್ಟುವುದು ಮಾತಿನ ದನಿ. ಮೈಸೂರಿನ ಕಡೆಯಿಂದ ಧಾರವಾಡಕ್ಕೆ ಹೋದವನು, ‘ಇಲ್ಲಿನವರು ಒರಟರು’ ಎಂದು ಕಾಗದ ಬರೆಯುತ್ತಾನೆ. ಅತ್ತಲಿಂದ ಇತ್ತ ಬಂದವನು, ‘ಇವರ ನಗೆ ತುಟಿಯ ಮೇಲೆ ಮಾತ್ರ’ ಎನ್ನುತ್ತಾನೆ. ಇಬ್ಬರೂ ಕಂಡದ್ದು ಸುಳ್ಳಲ್ಲ, ಆದರೆ ಇಬ್ಬರೂ ಮಾಡಿದ ಅರ್ಥ ತಪ್ಪು. ಧಾರವಾಡದ ಮಾತಿನಲ್ಲಿ ಮರ್ಯಾದೆ ಕೊನೆಯ ‘ರೀ’ಕಾರದಲ್ಲಿ ಇರುತ್ತದೆ. ಅದನ್ನು ಸೇರಿಸಿದ ಮೇಲೆ ದನಿ ಏರಿದರೂ ಬಾಧಕವಿಲ್ಲ. ‘ಆಗೂದಿಲ್ರೀ’ ಎಂಬಲ್ಲಿ ನಿರಾಕರಣೆಯೂ ಇದೆ, ಗೌರವವೂ ಇದೆ. ಮೈಸೂರಿನ ಕಡೆ ಮರ್ಯಾದೆಯೆಂದರೆ ಎದುರಿನವನ ಮುಖ ಮುರಿಯದಿರುವುದು. ಆದುದರಿಂದ ‘ಆಗುವುದಿಲ್ಲ’ ಎನ್ನಬೇಕಾದಲ್ಲಿ ‘ನೋಡೋಣ’ ಎನ್ನುತ್ತಾರೆ. ಹೊಸಬನು ಆ ‘ನೋಡೋಣ’ವನ್ನು ನಂಬಿ ತಿಂಗಳುಗಟ್ಟಲೆ ಕಾದು, ಕೊನೆಗೆ ಮೋಸಹೋದೆನೆಂದು ನೊಂದುಕೊಳ್ಳುತ್ತಾನೆ. ಕರಾವಳಿಯಲ್ಲಿ ಮತ್ತೊಂದು ಬಗೆ. ತುಳುವೋ ಕೊಂಕಣಿಯೋ ಬ್ಯಾರಿಯೋ ಮನೆಮಾತಾಗಿರುವ ಅನೇಕರು ಕನ್ನಡವನ್ನು ಶಾಲೆಯಲ್ಲಿ ಕಲಿತವರು. ಅವರ ಕನ್ನಡ ಗ್ರಂಥಸ್ಥವಾಗಿ ಕೇಳಿಸುವುದು ಈ ಕಾರಣದಿಂದ. ಅದನ್ನು ಬಿಂಕವೆಂದು ತಿಳಿಯಬಾರದು.

ಬದುಕಿನ ರೀತಿಯ ಹಿಂದೆ ನೆಲ ಮತ್ತು ಮಳೆಗಳ ಕೈವಾಡವೂ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ವಿಜಯಪುರದ ಕಡೆ ಬೀಳುವುದು ಸುಮಾರು ೬೦೦. ಮಳೆ ಕಡಮೆಯಿರುವಲ್ಲಿ ಜನ ನೀರಿನ ಆಸರೆ ಹಿಡಿದು ಒತ್ತಾಗಿ ಊರು ಕಟ್ಟಿಕೊಂಡರು. ಮಣ್ಣಿನ ಮಾಳಿಗೆ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತವು. ಅಲ್ಲಿ ನೆರೆಮನೆಯ ಒಗ್ಗರಣೆಯ ಘಾಟೂ ಜಗಳದ ಸದ್ದೂ ಗುಟ್ಟಾಗಿ ಉಳಿಯುವುದಿಲ್ಲ. ಕೇಳದೆ ಒಳಗೆ ಬಂದು ಕೂತು ‘ಏನ್ ಮಾಡೀರಿ ಅಡಿಗಿ?’ ಎಂದು ವಿಚಾರಿಸುವುದು ಅಲ್ಲಿ ಸಲಿಗೆಯ ಲಕ್ಷಣ. ಮಲೆನಾಡು, ಕರಾವಳಿಗಳಲ್ಲಿ ಬಾವಿ ಮನೆಯಂಗಳದಲ್ಲಿಯೇ ಇದೆ. ತೋಟದ ನಡುವೆ ಒಂದು ಮನೆ, ಗದ್ದೆ ದಾಟಿದರೆ ಇನ್ನೊಂದು. ಅಲ್ಲಿ ಮತ್ತೊಬ್ಬರ ಮನೆಗೆ ಹೋಗುವುದೇ ಒಂದು ಪ್ರಯಾಣ. ಬಂದವನಿಗೆ ಮೊದಲು ಬೆಲ್ಲ ನೀರು ಕೊಟ್ಟು ಉಪಚರಿಸುವ ಪದ್ಧತಿ ಬೆಳೆದದ್ದು ಸಹಜವೇ. ಕಾರಂತರ ‘ಬೆಟ್ಟದ ಜೀವ’ (೧೯೪೩) ದಾರಿ ತಪ್ಪಿ ಬಂದ ಅಪರಿಚಿತನಿಗೆ ಸಿಕ್ಕುವ ಇಂಥ ಆದರದ ಕಥೆಯೇ ಆಗಿದೆ. ಬಯಲುಸೀಮೆಯ ಸಲಿಗೆ ಕರಾವಳಿಯವನಿಗೆ ಅತಿಯೆನಿಸುತ್ತದೆ. ಕರಾವಳಿಯ ದೂರ ಬಯಲುಸೀಮೆಯವನಿಗೆ ಒಣಗಿದಂತೆ ತೋರುತ್ತದೆ.

ಊಟದ ಮಾತೂ ಹಾಗೆಯೇ. ಎರೆಭೂಮಿ ಹಿಡಿದಿಟ್ಟುಕೊಂಡ ತೇವದ ಮೇಲೆ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ; ಕೆಂಪು ನೆಲದಲ್ಲಿ ರಾಗಿ; ಮಳೆ ನಿಂತಲ್ಲಿ ಭತ್ತ. ರೊಟ್ಟಿ, ಮುದ್ದೆ, ಕುಚ್ಚಲಕ್ಕಿ ಗಂಜಿ ಎಂಬ ಮೂರು ಸಂಸ್ಕೃತಿಗಳು ಮೂಲತಃ ಮೂರು ಬಗೆಯ ಮಣ್ಣು. ಹೊಸಬನನ್ನು ಮಣ್ಣಿನ ಹತ್ತಿರಕ್ಕೆ ಕರೆಯುವ ಹಬ್ಬಗಳೂ ನಮ್ಮಲ್ಲಿವೆ. ಉತ್ತರದ ಜಿಲ್ಲೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವಾಗ ಪರಸ್ಥಳದ ಮಾಸ್ತರರನ್ನೂ ಬ್ಯಾಂಕಿನವರನ್ನೂ ಕರೆದೊಯ್ಯುತ್ತಾರೆ. ಆ ಕರೆಯನ್ನು ನೆಪ ಹೇಳಿ ತಪ್ಪಿಸಿಕೊಂಡವನು ಆ ಊರಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

ಈ ತಪ್ಪು ತಿಳಿವಳಿಕೆಗೆ ಹೆಚ್ಚಿನ ಬೆಲೆ ತೆರುವವರು ಮಕ್ಕಳು. ನಾನು ಪಾಠ ಹೇಳುತ್ತಿದ್ದ ದಕ್ಷಿಣದ ಊರೊಂದರ ಕಾಲೇಜಿಗೆ ಉತ್ತರದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಮೊದಲ ವಾರ ‘ಓದಾಕತ್ತೀನ್ರೀ’ ಎಂದಾಗ ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಇಡೀ ವರ್ಷ ಆಕೆ ಬಾಯಿ ತೆರೆಯಲಿಲ್ಲ. ಅವಳ ಉತ್ತರಪತ್ರಿಕೆಗಳು ಮಾತ್ರ ಆ ತರಗತಿಯಲ್ಲಿಯೇ ಮೇಲಾದವುಗಳಾಗಿದ್ದವು. ನಕ್ಕವರಿಗೆ ತಿಳಿಯದಿದ್ದದ್ದು ಇಷ್ಟು: ‘ಓದಲಿಕ್ಕೆ ಹತ್ತಿದ್ದೇನೆ’ ಎಂಬುದೇ ಸವೆದು ಆ ರೂಪ ತಾಳಿದೆ. ‘ಓದುತ್ತಾ ಇದ್ದೇನೆ’ ಎಂಬುದು ‘ಓದ್ತಿದೀನಿ’ ಆದ ಹಾಗೆಯೇ. ಎರಡೂ ಸವೆದ ನಾಣ್ಯಗಳೇ. ಒಂದನ್ನು ಸಾಚಾ ಎಂದು, ಮತ್ತೊಂದನ್ನು ಖೋಟಾ ಎಂದು ಎಣಿಸಲು ಆಧಾರವಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡದೊಳಗೆ ಹಲವು ಕನ್ನಡಗಳಿರುವುದನ್ನು ಗುರುತಿಸಿದೆ. ಸಾವಿರದ ನೂರು ವರ್ಷಗಳ ಹಿಂದೆ ಪಂಡಿತರಿಗೆ ಕಂಡದ್ದು ನಮ್ಮ ತರಗತಿಗಳಿಗೆ ಕಾಣಿಸದಿರುವುದು ವಿಷಾದದ ಸಂಗತಿ.

ಹಾಗೆಂದ ಮಾತ್ರಕ್ಕೆ ಮಣ್ಣು ಮಳೆಗಳೇ ಮನುಷ್ಯನನ್ನು ಎರಕ ಹೊಯ್ಯುತ್ತವೆ ಎಂದಲ್ಲ. ಒಂದೇ ಓಣಿಯಲ್ಲಿ ಜಿಪುಣನೂ ಧಾರಾಳಿಯೂ, ಮಾತುಗಾರನೂ ಮೌನಿಯೂ ಇರುತ್ತಾರೆ. ಒಂದು ಸೀಮೆಯಿಂದ ಮತ್ತೊಂದಕ್ಕೆ ಬದಲಾಗುವುದು ಬಹುಮಟ್ಟಿಗೆ ಮನುಷ್ಯನ ಗುಣವಲ್ಲ, ಗುಣವನ್ನು ತೋರಿಸುವ ರೀತಿ. ಪ್ರೀತಿ ಎಲ್ಲ ಕಡೆಯೂ ಇದೆ. ಒಂದು ಕಡೆ ಅದು ಗದರುತ್ತದೆ, ಒಂದು ಕಡೆ ನಯವಾಗಿ ಸುತ್ತಿ ಬರುತ್ತದೆ, ಮತ್ತೊಂದು ಕಡೆ ಏನೂ ಹೇಳದೆ ಬೆಲ್ಲ ನೀರು ತಂದಿಡುತ್ತದೆ. ಹೊಸ ಊರಿಗೆ ಹೋದವನು ಮೊದಲ ವರ್ಷ ತೀರ್ಪು ಕೊಡದೆ ಈ ವ್ಯಾಕರಣವನ್ನು ಕಲಿಯಬೇಕು. ಸ್ಥಳೀಕರಿಗೂ ಒಂದು ಕರ್ತವ್ಯವಿದೆ: ಬಂದವನ ನಾಲಗೆಯನ್ನು ನಗೆಗೀಡು ಮಾಡದಿರುವುದು.

ಮರಾಠಿ ಮನೆಮಾತಿನ ಬೇಂದ್ರೆ ಧಾರವಾಡದ ಕನ್ನಡಕ್ಕೆ, ತಮಿಳು ಮನೆಮಾತಿನ ಮಾಸ್ತಿ ಮೈಸೂರು ಸೀಮೆಯ ಕನ್ನಡಕ್ಕೆ ದನಿಯಾದ ನಾಡು ನಮ್ಮದು. ಊರಿಗೆ ಬಂದವರು ನೀರಿಗೂ ಬರುತ್ತಾರೆ. ಬಾವಿಕಟ್ಟೆಯಲ್ಲಿ ಅವರ ಕೊಡಕ್ಕೆ ಅಷ್ಟು ಜಾಗ ಬಿಟ್ಟುಕೊಟ್ಟರೆ ಸಾಕು.