ಬಿಯರ್ ಕಾರ್ಖಾನೆಯಲ್ಲಿ ವಿಜ್ಞಾನೋಪನ್ಯಾಸ

ಬಿಯರ್ ತಯಾರಿಸುವ ಮನೆಯಲ್ಲಿ ವಿಜ್ಞಾನಿಯೊಬ್ಬರು ನಿಂತು ಭೂಮಿಯ ಹುಟ್ಟು, ಜೀವದ ವಿಕಾಸ, ನೀರಿನ ಉಳಿತಾಯ ಇವುಗಳ ಬಗ್ಗೆ ಸಾರ್ವಜನಿಕರಿಗೆ ಉಪನ್ಯಾಸ ಮಾಡುತ್ತಾರೆಂದರೆ ವಾಚಕರು ನಕ್ಕಾರು. ಮೊದಲು ಕೇಳಿದಾಗ ನಾನೂ ನಕ್ಕೆ. ಆದರೆ ಸಂಗತಿ ನಿಜ. 2013ರ ಮೇ ತಿಂಗಳಲ್ಲಿ ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್ ನಗರಗಳ ಪಾನಗೃಹಗಳಲ್ಲಿ ‘ಪಿಂಟ್ ಆಫ್ ಸೈನ್ಸ್’ ಎಂಬ ಹೆಸರಿನ ಉಪನ್ಯಾಸಗಳು ಆರಂಭವಾದವು. ಆಮೇಲೆ ಅವು ಅನೇಕ ದೇಶಗಳಿಗೆ ಹಬ್ಬಿವೆ. ಸಂಶೋಧಕನೇ ಬಂದು ತನ್ನ ಕೆಲಸವನ್ನು ಸಾಮಾನ್ಯರ ಮಾತಿನಲ್ಲಿ ಹೇಳಬೇಕು. ಕೇಳುವವರು ಸಂಕೋಚವಿಲ್ಲದೆ ಪ್ರಶ್ನೆ ಹಾಕಬೇಕು. ಇದಿಷ್ಟೇ ಅಲ್ಲಿನ ಏರ್ಪಾಡು.

ಕುಡಿತವನ್ನು ಹೊಗಳುವ ಉದ್ದೇಶ ನನಗಿಲ್ಲ. ಅದು ಮನೆಗಳನ್ನು ಹೇಗೆ ಮುರಿಯುತ್ತದೆಂಬುದನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಯಾರೂ ಉಪನ್ಯಾಸ ಮಾಡಿ ತಿಳಿಸಬೇಕಾಗಿಲ್ಲ. ನಾನು ಕೇಳಹೊರಟದ್ದು ಬೇರೆ ಪ್ರಶ್ನೆ: ವಿಜ್ಞಾನಕ್ಕೂ ಆ ಸ್ಥಳಕ್ಕೂ ಏನು ನಂಟು?

ನಂಟು ಹಳೆಯದು. ಬಿಯರನ್ನು ಬಟ್ಟಿ ಇಳಿಸುವುದಿಲ್ಲ, ಹುದುಗಿಸುತ್ತಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಬೆಳೆದು, ಸಕ್ಕರೆಯನ್ನು ತಿಂದು, ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ನಮ್ಮ ಕಡೆ ಈಚಲ ಮರದಿಂದ ಇಳಿಸಿದ ಶೇಂದಿ ಬಿಸಿಲೇರಿದಂತೆ ನೊರೆಗಟ್ಟುವುದರಲ್ಲಿಯೂ ಇದೇ ಜೀವಿಯ ಕೈವಾಡವಿದೆ. ಒಂದು ಪೀಪಾಯಿಯ ಬಿಯರ್ ಚೆನ್ನಾಗಿದ್ದು ಮತ್ತೊಂದು ಏಕೆ ಕೆಟ್ಟಿತೆಂದು ತಿಳಿಯಲು ಹೊರಟ ಕಾರ್ಖಾನೆಗಳು ಪ್ರಯೋಗಶಾಲೆಗಳನ್ನೇ ತೆರೆದವು. ಐರ್ಲೆಂಡಿನ ಗಿನ್ನೆಸ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬಾತ ಕೆಲವೇ ಮಾದರಿಗಳನ್ನು ನೋಡಿ ತೀರ್ಮಾನಕ್ಕೆ ಬರುವ ಗಣಿತವನ್ನು 1908ರಲ್ಲಿ ಪ್ರಕಟಿಸಿದ. ಸ್ವಂತ ಹೆಸರನ್ನು ಹಾಕಲು ಕಂಪನಿಯ ಒಪ್ಪಿಗೆಯಿರಲಿಲ್ಲ. ಆದುದರಿಂದ ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ, ಎಂದು ಹಾಕಿದ. ಸಂಖ್ಯಾಶಾಸ್ತ್ರದಲ್ಲಿ ನಮ್ಮನ್ನು ಕಾಡುವ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆಯ ವಿದ್ಯಾರ್ಥಿ ಈತನೇ!

ನನ್ನನ್ನು ಹೆಚ್ಚು ಚಕಿತಗೊಳಿಸಿದ ಸಂಗತಿ ಇನ್ನೊಂದು. ನಮ್ಮೂರು ಕೊಹಿನೂರ. ಹೆಸರು ಕೇಳಿದವರೆಲ್ಲ ವಜ್ರದ ಮಾತೆತ್ತುತ್ತಾರೆ. ನಮ್ಮ ಮನೆಗಿರುವುದು ತೊಗರಿ, ಜೋಳ ಬೆಳೆಯುವ ಎರೆಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ತಣಿದು ಕರಿಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಅದು. ಅಪ್ಪನಿಗೆ ಆ ಹೊಲದ ‘ಮಣ್ಣಿನ ಆರೋಗ್ಯ ಚೀಟಿ’ ಬಂದಿತ್ತು. ಅದರಲ್ಲಿ ‘ಪಿಎಚ್ 8.1’ ಎಂದಿತ್ತು. ಕೊಟ್ಟವರು ಅರ್ಥ ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಚೀಟಿ ದೇವರ ಪಟದ ಹಿಂದೆ ಸೇರಿತು. ಗೊಬ್ಬರ ಹಿಂದಿನ ವರುಷದ್ದೇ ಬಿತ್ತು. ಮನೆಯಲ್ಲಿ ಪದವಿ ತರಗತಿ ಹತ್ತಿದವಳು ನಾನೊಬ್ಬಳೇ; ಆ ಅಂಕಿ ನನಗೂ ಬರಿಯ ಅಂಕಿಯಾಗಿತ್ತು.

ಆ ಅಂಕಿ ಹುಟ್ಟಿದ್ದು ಬಿಯರ್ ಕಾರ್ಖಾನೆಯ ನೆರಳಿನಲ್ಲಿ! ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯವರು 1875ರಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿ ಸೋರೆನ್ಸೆನ್ ಎಂಬ ರಸಾಯನಶಾಸ್ತ್ರಜ್ಞ 1909ರಲ್ಲಿ ಈ ಮಾಪನವನ್ನು ರೂಪಿಸಿದ. 7 ಎಂಬುದು ನಡು. ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಮಣ್ಣು 8ನ್ನು ದಾಟಿದರೆ ಅದರಲ್ಲಿ ಸತು, ಕಬ್ಬಿಣ ಇದ್ದರೂ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಎಲೆ ಹಳದಿಗಟ್ಟುವುದಕ್ಕೆ ಇದೂ ಒಂದು ಕಾರಣವಾಗಬಹುದು. ಇದಿಷ್ಟನ್ನು ತಿಳಿಸಿ ಹೇಳಲು ಕಾಲು ಗಂಟೆ ಸಾಕಿತ್ತು.

ನೀರಿನ ಲೆಕ್ಕವನ್ನೂ ಹೇಳಬೇಕು. ಒಂದು ಲೀಟರ್ ಬಿಯರಿಗೆ ಕಾರ್ಖಾನೆಯೊಳಗೇ ಸಾಮಾನ್ಯವಾಗಿ 3ರಿಂದ 6 ಲೀಟರ್ ನೀರು ಖರ್ಚಾಗುತ್ತದೆ. ಬಾರ್ಲಿ ಬೆಳೆಯಲು ಬೇಕಾದ ನೀರು ಬೇರೆ. ಅಂಥ ಸ್ಥಳದಲ್ಲಿ ನಿಂತು ಸುಸ್ಥಿರತೆಯನ್ನು ಬೋಧಿಸುವವರು ಮೊದಲು ಆ ಮನೆಯ ನಲ್ಲಿಯನ್ನೇ ತೋರಿಸಬೇಕಾಗುತ್ತದೆ. ಹಾಗೆ ತೋರಿಸಿದರೆ ಅದು ಒಳ್ಳೆಯ ಉಪನ್ಯಾಸವೇ ಸರಿ.

ಆದರೆ ಅಲ್ಲಿಗೆ ನಮ್ಮ ಅವ್ವ ಹೋಗುವಳೇ? ನಾನಾದರೂ ಹೋಗುವೆನೇ? ಪಾನಗೃಹ ಅವರಿಗೆ ಊರ ಕಟ್ಟೆಯಿದ್ದಂತೆ, ನಮಗೆ ಹಾಗಲ್ಲ. ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಮ್ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ವಿಜ್ಞಾನೋಪನ್ಯಾಸಗಳನ್ನು ನಡೆಸುತ್ತ ಬಂದಿತು. ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದಾದ ಸಭೆ. ಆದರೆ ನಮ್ಮೂರಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ಪ್ರಯಾಣ. ಅಷ್ಟು ದೂರ ಹೋಗುವುದೇಕೆ? ಪಕ್ಕದ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನೂ ಶರಣರಲ್ಲಿ ಒಬ್ಬನಾಗಿದ್ದ. ತನ್ನ ಕಸುಬಿನ ಹೆಂಡವನ್ನೇ ಉಪಮೆಯಾಗಿಟ್ಟುಕೊಂಡು ವಚನ ರಚಿಸಿದ. ಆತನನ್ನು ವಿಜ್ಞಾನಿಯೆಂದು ಕರೆಯುವಷ್ಟು ಉತ್ಸಾಹ ನನಗಿಲ್ಲ. ಆದರೆ ಕಸುಬಿನವನ ಮಾತಿಗೂ ಕಿವಿಗೊಡುವ ಪದ್ಧತಿ ಈ ನೆಲಕ್ಕೆ ಹೊಸದೇನಲ್ಲ.

ದೀಪಾವಳಿಯ ರಜೆಯಲ್ಲಿ ಪಟದ ಹಿಂದಿನ ಚೀಟಿಯನ್ನು ತೆಗೆದು ಮನೆಯ ಮುಂದಿನ ಕಟ್ಟೆಯ ಮೇಲೆ ಓದಿದೆ. ಅಪ್ಪ, ಇಬ್ಬರು ಕಾಕಂದಿರು, ನೆರೆಯವರು ಮೂರು ಮಂದಿ ಇದ್ದರು. ಹತ್ತು ಪಟ್ಟಿನ ಲೆಕ್ಕವನ್ನು ತಿಳಿಸುವಾಗ ನಾನೇ ಎರಡು ಸಲ ತಪ್ಪಿದೆ. ಕಾಕಾ, “ಬಿಯರ್ ಮಾಡೋರು ನಮ್ಮ ಹೊಲದ ಲೆಕ್ಕ ಬರದಾರಾ!” ಎಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವ್ವ ಮಾತ್ರ ನಗಲಿಲ್ಲ. “ಹೊಲಕ್ಕ ಈ ಅಂಕಿ ಅದ ಅಂದ್ರ ನಮ್ಮ ಬಾವಿ ನೀರಿಗೂ ಇರಬೇಕಲ್ಲ?” ಎಂದಳು. ಇರುತ್ತದೆ, ಎಷ್ಟೆಂದು ಹೇಳಲು ನನ್ನಿಂದಾಗಲಿಲ್ಲ.

ನಮ್ಮದು ಕಲಾ ಕಾಲೇಜು, ರಸಾಯನ ಪ್ರಯೋಗಶಾಲೆಯಿಲ್ಲ. ವಿಜ್ಞಾನ ಓದುತ್ತಿರುವ ಗೆಳತಿಯಿಂದ ನಾಲ್ಕು ಪಿಎಚ್ ಕಾಗದಗಳನ್ನು ಕೇಳಿ ತಂದೆ. ಬಾವಿಯ ನೀರಿನಲ್ಲಿ ಅದ್ದಿದ ಕಾಗದ ಹಸಿರಾಯಿತು. ಬಣ್ಣದ ಪಟ್ಟಿಯೊಡನೆ ಹೋಲಿಸಿದರೆ 7ಕ್ಕೂ 8ಕ್ಕೂ ನಡುವೆ ಬಂದಿತು. ಅವ್ವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನ ಮೂರು ಅವ ಅಲ್ಲ? ಬೋರಿನ ನೀರೂ ನೋಡು” ಎಂದು ಕೊಡ ಎತ್ತಿಕೊಂಡು ಹೊರಟಳು.